ಅಣ್ಣನ ಗಲ್ಲದಲ್ಲಿ ಖರ್ಜೂರ

ಬೋನಾಳ

ಹದಿನಾಲ್ಕನೇ ಅಂತಸ್ತಿನ ಒಂದು ಮನೆಯ ಹಿತ್ತಲು ನೋಡಲು ನಾನೂ ನಮ್ಮಣ್ಣನೂ ಸಮುದ್ರ ದಾಟಿದೆವು. ಹದಿನಾಲ್ಕನೇ ಅಂತಸ್ತಿಗೆ ಹಿತ್ತಲು ಇರುವುದಿಲ್ಲ ಎಂದು ನಾನು ಬಡಕೊಂಡೆ. ಅಣ್ಣ ಕೇಳಬೇಕಲ್ಲ.

"ಹಿತ್ತಲಿಲ್ಲದ ಮನ್ಯಾಗ ಪಾತ್ರಿ ತೊಳದ ನೀರು ಎಲ್ಲಿಗಿ ಹೋಗ್ತದ? ಅದನ್ನ ನೋಡದ ಹೆಣ್ಣು ಕೊಡಾಕ ಆಗ್ತದೇನು?"

ನಮ್ಮಣ್ಣನ ಹೆಸರು ಮಲ್ಲಣ್ಣ. ಸುರಪುರದ ಸುತ್ತ ಅವನು ಗೇಟಿನ ಮಲ್ಲಣ್ಣ ಎಂದೇ ಪ್ರಸಿದ್ಧ. ನಮ್ಮ ಕಡೆ ಕಾಲುವೆ ಬಂದ ಹೊಸತರಲ್ಲಿ ಕೆಲಸಕ್ಕೆ ಸೇರಿ, ಹೊಲಗಳಿಗೆ ನೀರು ಬಿಡುವ ಗೇಟು ತಿರುವುತ್ತ ತಿರುವುತ್ತಲೇ ನಿವೃತ್ತನಾದವನು. ಅವನು ಮನುಷ್ಯರನ್ನು ಅಳೆಯುವುದು ನೀರಿನಿಂದ. ಯಾರ ಮನೆಗೆ ಹೋದರೂ ಮೊದಲು ಹಿತ್ತಲಿಗೆ ನಡೆದು ಬಚ್ಚಲ ನೀರು ಬಾಳೆಗಿಡಕ್ಕೆ ಹೋಗುತ್ತದೋ, ಓಣಿಗೆ ಹೋಗುತ್ತದೋ ನೋಡುತ್ತಾನೆ. ಓಣಿಗೆ ಹೋದರೆ ಆ ಮನೆ ಅವನ ಮಟ್ಟಿಗೆ ಮುಗಿದಂತೆ.

ಈ ಸಲ ನೋಡಬೇಕಾದ ಮನೆ ಶಾರ್ಜಾದಲ್ಲಿತ್ತು. ನನ್ನ ಮಗಳು ಶಶಿ ಶಹಾಪುರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳನ್ನು ಕೇಳಿ ಬಂದ ಹುಡುಗ ಬಸವರಾಜ. ಅವನ ಅಪ್ಪ ಶರಣಪ್ಪ ನಮ್ಮ ಸುರಪುರ ಕಡೆಯವರೇ, ತಾಯಿ ಮಹಾದೇವಿ ಕೊಡೇಕಲ್ಲಿನವರು. ಸಂಸಾರ ಮರುಭೂಮಿಯ ಊರಿನಲ್ಲಿ ನೆಲೆ ನಿಂತು ಬಹಳ ಕಾಲವಾಗಿತ್ತು. ಹುಡುಗ ರಜೆಗೆ ಬಂದಾಗ ಶಶಿ ಅವನನ್ನು ನೋಡಿದ್ದಳು, ಮಾತಾಡಿದ್ದಳು, ಒಪ್ಪಿದ್ದಳು. ಆದರೆ ಪೂರ್ತಿ ಹೂಂ ಅಂದಿರಲಿಲ್ಲ.

"ನೀ ಹೋಗಿ ಒಂದೇ ಒಂದು ನೋಡ್ಕೊಂಡು ಬಾ ಯವ್ವಾ," ಎಂದಳು. "ಅವರ ಅವ್ವ ನಗ್ತಾರೇನು, ಅಷ್ಟು ನೋಡು. ನಕ್ಕರ ನಾ ಹೋಗ್ತೀನಿ. ಇಲ್ಲಂದ್ರ ಬ್ಯಾಡ."

ಬೇರೆ ಯಾರಾದರೂ ಕೇಳಿದ್ದರೆ ಇದೆಂಥ ಹುಡುಗಾಟ ಅನ್ನುತ್ತಿದ್ದರು. ನಾನು ಅನ್ನಲಾರೆ. ನನ್ನ ಅತ್ತೆ ಕೆಟ್ಟವರಲ್ಲ. ಒಂದು ದಿನ ನನ್ನನ್ನು ಹಸಿದು ಮಲಗಿಸಲಿಲ್ಲ, ನನ್ನ ನೌಕರಿಗೆ ಅಡ್ಡ ಬರಲಿಲ್ಲ. ಆದರೆ ಪಡಸಾಲೆಯ ಕಂಬಕ್ಕೆ ಒರಗಿ ಕೂತ ಆ ಮುಖದಲ್ಲಿ ನಗು ಕಂಡವರಿಲ್ಲ. ಅವರ ಮುಂದೆ ಯಾರೂ ಜೋರಾಗಿ ನಗುವಂತೆಯೂ ಇರಲಿಲ್ಲ. ನಾನೂ ಶಶಿಯೂ ನಗಬೇಕಾದರೆ ಬಟ್ಟೆ ಒಗೆಯುವ ನೆಪದಲ್ಲಿ ಕಾಲುವೆ ದಂಡೆಗೆ ಹೋಗುತ್ತಿದ್ದೆವು. ದಿನವೆಲ್ಲ ತಡೆದಿಟ್ಟದ್ದನ್ನು ಅಲ್ಲಿ ನಕ್ಕು ಬರುತ್ತಿದ್ದೆವು. ಅತ್ತೆ ತೀರಿಕೊಂಡು ವರ್ಷಗಳಾದವು. ಆಮೇಲೂ ನಮಗೆ ಪಡಸಾಲೆಯಲ್ಲಿ ನಗಲು ಬರಲಿಲ್ಲ.

ನಮ್ಮ ಯಜಮಾನರಿಗೆ ವಿಮಾನದ ಹೆಸರು ಕೇಳಿದರೆ ತಲೆ ಸುತ್ತುತ್ತದೆ. ಹೆಣ್ಣಿನ ಸೋದರಮಾವನ ಮಾತೇ ದೊಡ್ಡದು ಎಂದು ಹೇಳಿ ಜಾರಿಕೊಂಡರು. ಹೀಗೆ ಶಾಲೆಗೆ ಬೇಸಿಗೆ ರಜೆ ಬಿಟ್ಟ ವಾರ, ಬಿಳಿ ರುಮಾಲು ಸುತ್ತಿದ ಅಣ್ಣ ಮತ್ತು ಬೋನಾಳ ಶಾಲೆಯ ಅಕ್ಕೋರಾದ ನಾನು ಯಾದಗಿರಿಯಲ್ಲಿ ರೈಲು ಹತ್ತಿದೆವು.

ಹೈದರಾಬಾದ್

ಅಣ್ಣನ ಕೈಚೀಲದಲ್ಲಿ ಒಂದು ಬಾಟಲಿ ಕಾಲುವೆ ನೀರಿತ್ತು. ಬೀಗರಾಗುವವರ ಮನೆಗೆ ಬರಿಗೈಯಲ್ಲಿ ಹೋಗಬಾರದಂತೆ. "ಅಲ್ಲಿ ಎಲ್ಲಾ ಸಿಗ್ತದ ತಂಗಿ. ನಮ್ಮ ಕಾಲುವಿ ನೀರು ಸಿಗ್ತದೇನು?" ಎಂದು ಹೆಮ್ಮೆಯಿಂದ ತುಂಬಿಸಿಕೊಂಡು ಬಂದಿದ್ದ.

ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು ಇದು ಒಳಗೆ ಹೋಗುವುದಿಲ್ಲ, ಚೆಲ್ಲಿ ಬನ್ನಿ ಎಂದಳು. ಅಣ್ಣನ ಮುಖ ನೋಡಬೇಕಿತ್ತು. ನೀರು ಚೆಲ್ಲು ಎಂದು ಅವನಿಗೆ ಹೇಳುವುದೂ ಅರ್ಚಕನಿಗೆ ದೀಪ ಆರಿಸು ಎಂದು ಹೇಳುವುದೂ ಒಂದೇ. ನಮ್ಮ ಹಿಂದಿನವರು ಕಾಯುತ್ತ ನಿಂತರು. ಅಣ್ಣ ಮುಚ್ಚಳ ತೆಗೆದು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಂದು ಬಾಟಲಿ ನೀರನ್ನು ಗಟಗಟ ಕುಡಿದು ಮುಗಿಸಿದ. ಕೊನೆಯ ಹನಿಯನ್ನು ಅಂಗೈಗೆ ಹಾಕಿಕೊಂಡು ಕಣ್ಣಿಗೆ ಒತ್ತಿಕೊಂಡ. ಖಾಲಿ ಬಾಟಲಿಯನ್ನು ಮುಂದೆ ಹಿಡಿದು, "ಈಗ ಹೋಗ್ಲೇನು?" ಎಂದ.

ಅದರ ಫಲವಾಗಿ ಅವನು ಅರಬ್ಬಿ ಸಮುದ್ರವನ್ನು ಕಿಟಕಿಯಿಂದ ನೋಡಲೇ ಇಲ್ಲ. ಪೂರ್ತಿ ಪ್ರಯಾಣ ಶೌಚಾಲಯದ ಬಾಗಿಲ ಮುಂದೆ ಸರದಿಯಲ್ಲಿ ನಿಂತು ಕಳೆದ.

ಶಾರ್ಜಾ: ರೊಟ್ಟಿ ಅಂಗಡಿ

"ಯಾದಗಿರಿ ಬ್ಯಾಸಗಿ ಉಂಡವರಿಗಿ ಇವರ ಬಿಸಲೇನು ಮಾಡ್ತದ?" ಎಂದು ಅಣ್ಣ ವಿಮಾನದಲ್ಲೇ ಕೊಚ್ಚಿಕೊಂಡಿದ್ದ. ನಿಲ್ದಾಣದ ತಂಪಿನಿಂದ ಹೊರಗೆ ಕಾಲಿಟ್ಟದ್ದೇ ಇಬ್ಬರ ಕನ್ನಡಕವೂ ಮಂಜು ಹಿಡಿದು ಬೆಳ್ಳಗಾದವು. ನಮ್ಮ ಬಿಸಿಲು ಒಣ ಬಿಸಿಲು, ಬಡಿದು ಬಿಡುತ್ತದೆ. ಇಲ್ಲಿಯದು ಒದ್ದೆ ಬಿಸಿಲು, ಬಂದು ಅಪ್ಪಿಕೊಳ್ಳುತ್ತದೆ. ಕಾಣದೆ ನಿಂತ ನಮ್ಮಿಬ್ಬರನ್ನೂ ಯಾರೋ ತೋಳು ಹಿಡಿದು ಕಾರಿಗೆ ಹತ್ತಿಸಿದರು. ಕನ್ನಡಕ ಒರೆಸಿಕೊಂಡು ನೋಡಿದರೆ ಹುಡುಗ ಬಸವರಾಜನೇ.

ಅವನ ಕೆಲಸ ಊರಿನ ರಸ್ತೆ ಬದಿಯ ಗಿಡಗಳಿಗೆ ನೀರುಣಿಸುವ ಕೊಳವೆಗಳನ್ನು ನೋಡಿಕೊಳ್ಳುವುದು. ದಾರಿಯುದ್ದಕ್ಕೂ ಹಸಿರು ಕಾಯಿ ಬಿಟ್ಟ ಖರ್ಜೂರದ ಮರಗಳು, ಪ್ರತಿ ಮರದ ಬುಡಕ್ಕೆ ಒಂದು ಕರಿ ಪೈಪು. ಅಣ್ಣ ಕುತ್ತಿಗೆ ತಿರುವಿ ತಿರುವಿ ನೋಡಿದ. "ಗೇಟು ಎಲ್ಲಿ ಅದಾವ?" ಎಂಬ ಒಂದು ಪ್ರಶ್ನೆ ಬಿಟ್ಟರೆ ಹುಡುಗನೊಂದಿಗೆ ಮಾತಾಡಲಿಲ್ಲ. ಇನ್ನೂ ಒಪ್ಪಿರದ ಕಡೆಯವರ ಜೊತೆ ಸಲಿಗೆ ಕೂಡದು ಎಂಬುದು ಅವನ ಕಾನೂನು. ಅದಕ್ಕೇ ನಾವು ಅವರ ಮನೆಯಲ್ಲಿ ಇಳಿಯದೆ ಒಂದು ಸಣ್ಣ ಲಾಡ್ಜಿನಲ್ಲಿ ಇಳಿದೆವು.

ಇನ್ನೊಂದು ಕಾನೂನೂ ಇದೆ. ನಮ್ಮ ಸೀಮೆಯಲ್ಲಿ ಮನೆ ನೋಡಲು ಹೋದವರು ಒಪ್ಪಿಗೆ ಹೇಳುವ ತನಕ ಆ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ. ಸಿಹಿ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು, ಹೆಣ್ಣು ಕೊಟ್ಟಂತೆ. ಚಹಾದೊಳಗಿನ ಸಕ್ಕರೆಯನ್ನು ಯಾರೋ ಪುಣ್ಯಾತ್ಮರು ಈ ಲೆಕ್ಕದಿಂದ ಬಿಟ್ಟಿದ್ದಾರೆ. ನಮ್ಮಣ್ಣ ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ.

ಮನೆಗೆ ಹೋಗುವ ಮೊದಲು ಓಣಿಯಲ್ಲಿ ಗುಟ್ಟಾಗಿ ವಿಚಾರಿಸಬೇಕು. ಊರಲ್ಲಾದರೆ ಕಿರಾಣಿ ಅಂಗಡಿ, ಹೋಟೆಲು, ಕ್ಷೌರದವನು, ಹೀಗೆ ಮೂರು ಕಡೆ ಕೂತೆದ್ದರೆ ಏಳು ತಲೆಮಾರು ಗೊತ್ತಾಗುತ್ತದೆ. ಇಲ್ಲಿ ಅವರ ಕಟ್ಟಡದ ಎದುರಿಗೆ ಪೇಶಾವರ ಕಡೆಯ ಮುದುಕನೊಬ್ಬನ ರೊಟ್ಟಿ ಅಂಗಡಿ ಸಿಕ್ಕಿತು. ಅಣ್ಣ ತನ್ನ ಯಾದಗಿರಿ ಉರ್ದು ಬಿಚ್ಚಿದ. ಅದು ಮುದುಕನಿಗೆ ಎಷ್ಟು ಖುಷಿ ಕೊಟ್ಟಿತೆಂದರೆ ಒಲೆಯ ಕೆಲಸ ಬಿಟ್ಟು ಎರಡು ಸ್ಟೂಲು ಹಾಕಿಸಿ ನಮ್ಮನ್ನು ಕೂಡಿಸಿದ.

ಎರಡು ವರ್ಷಕ್ಕೆಂದು ಬಂದವನಂತೆ ಅವನು. ಬಂದಾಗ ಈ ಕಟ್ಟಡವಿರಲಿಲ್ಲ, ಈ ರಸ್ತೆಯಿರಲಿಲ್ಲ, ಅಂಗಡಿಯ ಹಿಂದೆ ಒಂಟೆ ಮಲಗುತ್ತಿದ್ದವು. ಕಟ್ಟಡ ಒಂದೊಂದು ಅಂತಸ್ತು ಏರಿದಂತೆ ಅವನ ಗಡ್ಡ ಒಂದೊಂದು ಕೂದಲು ಬೆಳ್ಳಗಾಯಿತು. ಇಲ್ಲಿ ಎಲ್ಲರೂ ಎರಡು ವರ್ಷಕ್ಕೇ ಬರುತ್ತಾರೆ, ಇಲ್ಲಿಯ ಎರಡು ವರ್ಷ ಬಹಳ ಉದ್ದ ಎಂದು ಹೇಳಿ ತಾನೇ ಹೊಟ್ಟೆ ಕುಣಿಸಿ ನಕ್ಕ. ನಾನು ಆ ಬಿಳಿ ಹಿಟ್ಟನ್ನು ನಮ್ಮ ಜೋಳದ ರೊಟ್ಟಿಯಂತೆ ತಟ್ಟಿ ತೋರಿಸಲು ಹೋದೆ. ಅದು ಎರಡೂ ಅಂಗೈಗೆ ಅಂಟಿ ಮೊಣಕೈವರೆಗೂ ಬಂತು. ಮುದುಕ ತನ್ನ ಕೈಯಾರೆ ಬಿಡಿಸಬೇಕಾಯಿತು.

ಸಂದರ್ಭ ನೋಡಿ ಅಣ್ಣ ದನಿ ಇಳಿಸಿ, ಎದುರು ಕಟ್ಟಡದಲ್ಲಿ ಬಸವರಾಜ ಅಂತ ಒಬ್ಬ ಹುಡುಗ ಇದ್ದಾನಂತಲ್ಲ, ಹೇಗೆ ಎಂದು ಕೇಳಿದ.

ಮುದುಕ ಅಣ್ಣನ ರುಮಾಲನ್ನೊಮ್ಮೆ, ನನ್ನ ಇಳಕಲ್ ಸೀರೆಯನ್ನೊಮ್ಮೆ ನೋಡಿದ. "ನೀವು ಹುಡುಗಿ ಕಡೆಯವರಲ್ಲವೇ? ಬರುತ್ತೀರೆಂದು ಮಹಾದೇವಿ ಬೆಹನ್ ಸೋಮವಾರವೇ ಹೇಳಿದ್ದಳು," ಎಂದ. ನಮ್ಮ ಗುಟ್ಟು ಅಲ್ಲಿಗೆ ಮಣ್ಣುಪಾಲಾಯಿತು. ಹುಡುಗನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: ಅಂಗಡಿಯ ಹೊರಗಿನ ನಲ್ಲಿ ಸೋರುತ್ತಿತ್ತು, ಯಾರೂ ಹೇಳದೆ ಆ ಹುಡುಗ ಬಂದು ಸರಿ ಮಾಡಿ ಹೋದ. ಅಣ್ಣನ ಮೀಸೆ ಅಲುಗಿತು.

ಎರಡನೇ ದಿನ: ಸಾಯಮ್ಮನ ಹೊಲಿಗೆ ಅಂಗಡಿ

ಅದೇ ಕಟ್ಟಡದ ಕೆಳಗೆ ಸಾಯಮ್ಮ ಎಂಬಾಕೆಯ ಹೊಲಿಗೆ ಅಂಗಡಿ. ಗುರುಮಠಕಲ್ ಕಡೆಯ ಹೆಂಗಸು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಸೂಜಿಯಲ್ಲಿ ಪೋಣಿಸಿ ಮಾತಾಡುತ್ತಾಳೆ. ಮಹಾದೇವಿಯವರ ಮಗ್ಗುಲ ಮನೆಯೇ ಇವಳದು.

"ನಾ ಮನಿಗೆಲಸಕ್ಕ ಬಂದಾಕಿರಿ, ಎರಡೇ ವರ್ಷಕ್ಕ," ಎಂದು ಶುರು ಮಾಡಿದಳು. ನಾನೂ ಅಣ್ಣನೂ ಮುಖ ನೋಡಿಕೊಂಡೆವು. "ಆ ಮನಿ ಅಮ್ಮಗ ಒಂದು ಗೌನು ಹರಿದಿತ್ತು, ಹೊಲದು ಕೊಟ್ಟೆ. ಹೊಲದದ್ದು ಎಲ್ಲಿ ಅಂತ ಅಕಿಗಿ ಕಾಣಲಿಲ್ಲ. ಮಿಶಿನ್ ತಂದು ಕೊಟ್ಟಳು, ಪುಣ್ಯಾತಗಿತ್ತಿ. ಈಗ ಅಕಿ ಮಗಳ ಮದಿವಿ ಗೌನೂ ನಾನ ಹೊಲದೀನ್ರಿ."

ನನಗೆ ಬೇಕಾದದ್ದು ಬೇರೆ. "ಮಹಾದೇವಿಯವರು ಹ್ಯಾಂಗ್ರಿ?" ಎಂದೆ.

ಸಾಯಮ್ಮ ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. "ಬಂದ ಹೊಸತಾಗ ಭಾಳ ಅತ್ತಾಳ್ರಿ. ಗ್ಯಾಲರ್ಯಾಗ ಕುಂತು ಉಸುಕು ನೋಡ್ಕೋತ ಅಳಾದು. ಆರು ತಿಂಗಳ ಅತ್ತಾಳ."

ಅಷ್ಟರಲ್ಲಿ ಅಳತೆ ಕೊಡಲು ನಾಲ್ಕು ಜನ ಫಿಲಿಪೈನ್ಸ್ ಹುಡುಗಿಯರು ಗಲಗಲ ಎನ್ನುತ್ತ ನುಗ್ಗಿದರು. "ಉಳಿದದ್ದು ಅಕಿನ್ನ ಕೇಳ್ರಿ," ಎಂದು ಸಾಯಮ್ಮ ಎದ್ದಳು. ಹೋಗುತ್ತ ಇನ್ನೊಂದು ಮಾತು ಎಸೆದಳು. "ಆದ್ರ ಈಗ ಮೂರು ದಿನ ಆತು ನೋಡ್ರಿ, ಆ ಮನಿ ಸಪ್ಪಗಾಗ್ಯದ."

ಆರು ತಿಂಗಳು ಅತ್ತ ಹೆಂಗಸು, ಸಪ್ಪಗಾದ ಮನೆ. ಶಶಿಗೆ ಏನು ಹೇಳಲಿ? ಸಂಜೆ ಅವಳ ಫೋನು ಬಂದಾಗ ಇನ್ನೂ ಮನೆಗೆ ಹೋಗಿಲ್ಲ ಎಂದು ಹೇಳಿ ಬಿಸಿಲಿನ ಸುದ್ದಿ ಮಾತಾಡಿದೆ. ಅವಳಿಗೆ ನನ್ನ ದನಿ ಗೊತ್ತಾಗದೇ ಇರುತ್ತದೆಯೇ? "ನಗಾಂಗಿಲ್ಲೇನು?" ಎಂದಳು ಮೆಲ್ಲಗೆ. "ನಾಳಿ ಹೇಳ್ತೀನಿ," ಎಂದು ಫೋನಿಟ್ಟೆ.

ಮೂರನೇ ದಿನ: ಹದಿನಾಲ್ಕನೇ ಅಂತಸ್ತು

ಬಾಗಿಲು ತೆರೆದವರು ಶರಣಪ್ಪ. ಕಲ್ಲು ಕೂಡಿಸುವ ಕೆಲಸ ಮಾಡಿದ ಕೈಗಳು, ಬೆರಳು ದಪ್ಪ, ಮಾತು ಮೆತ್ತಗೆ. ಮಗ ಬೇಕೆಂದೇ ಹೊರಗೆ ಹೋಗಿದ್ದ. ಹಿಂದೆ ಮಹಾದೇವಿ ನಿಂತಿದ್ದರು. ದುಂಡು ಮುಖ, ಕಾಸಗಲ ಕುಂಕುಮ. "ಬರ್ರಿ ಅಕ್ಕೋರ, ಬರ್ರಿ ಅಣ್ಣಾರ," ಎಂದರು. ಮುಖ ಮಾತ್ರ ಬಿಗಿದ ಗಂಟಿನಂತಿತ್ತು.

ಅಣ್ಣ ಕೂತವನೇ ತಪ್ಪೊಪ್ಪಿಗೆ ಮಾಡಿದ. "ಕಾಲುವಿ ನೀರು ತಂದಿದ್ದೆ. ಹೈದರಾಬಾದಿನ್ಯಾಗ ಬಿಡಲಿಲ್ಲ, ನಾನ ಕುಡದೆ. ನಿಮ್ಮ ನೀರು ನನ್ನ ಹೊಟ್ಯಾಗ ಬಂದದ." ಶರಣಪ್ಪ ನಕ್ಕರು. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಸರಸರ ಒಳಗೆ ಹೋದರು. ಅವರಿಗೆ ಇದು ಅಸಹ್ಯ ಎನಿಸಿತೇನೋ ಎಂದು ನಾನು ಕುಗ್ಗಿಹೋದೆ.

ಮಿರ್ಚಿ ಭಜಿ ಬಂತು. ಸಕ್ಕರೆಯಿಲ್ಲದ ಚಹಾ ಕೇಳಿ ತರಿಸಿಕೊಂಡು ಅಣ್ಣ ಕಷಾಯ ಕುಡಿದ ಮುಖ ಮಾಡಿದ. ಮಹಾದೇವಿ ಮತ್ತೆ ಸೆರಗು ಬಾಯಿಗೊತ್ತಿ ಒಳಗೆ ಹೋದರು.

"ನಾ ಇಲ್ಲಿಗಿ ಬರೂಕಿಂತ ಮೊದಲ ನಮ್ಮ ಕಾಲುವಿ ಗ್ವಾಡಿಗಿ ಕಲ್ಲು ಕೂಡ್ಸಾಕತ್ತಿದ್ದೆ," ಎಂದರು ಶರಣಪ್ಪ. "ಬೋನಾಳ ದಾಟಿ ಒಂದು ಬೇವಿನ ಮರ ಇತ್ತಲ್ರಿ, ಅಲ್ಲಿ."

ಅಣ್ಣ ಚಹಾದ ಬಟ್ಟಲು ಕೆಳಗಿಟ್ಟ. "ಆ ಕಲ್ಲು ನಿಮ್ಮವ? ಇವತ್ತಿನ ತನಕ ಒಂದೂ ಅಲುಗಿಲ್ಲರಿ!"

ಶರಣಪ್ಪನವರ ಕಣ್ಣು ತುಂಬಿ ಬಂದವು. "ಕಲ್ಲು ಕೂಡಿಸಿದೆ, ನೀರು ಬರೂದ್ರಾಗ ಇಲ್ಲಿ ಉಸುಕಿಗಿ ಬಂದೆ. ಆರು ವರ್ಷ ಆದ ಮ್ಯಾಲ ಊರಿಗಿ ಹೋದ್ರ ನಮ್ಮ ಜ್ವಾಳದ ಹೊಲ ಸಿಗವಲ್ದು. ಎತ್ತ ನೋಡಿದ್ರೂ ನೆಲ್ಲು, ಎತ್ತ ನೋಡಿದ್ರೂ ನೀರು. ಶರಣಪ್ಪನ ಹೊಲ ಎಲ್ಲದಪ್ಪಾ ಅಂತ ಒಬ್ಬನ್ನ ಕೇಳಿದೆ. ಅವ 'ಶರಣಪ್ಪ ದುಬೈ ಕಡಿ ಹೋಗ್ಯಾನ, ನೀವು ಯಾವೂರವ್ರು?' ಅಂದ ನೋಡ್ರಿ!"

ನಾವು ಮೂವರೂ ನಕ್ಕೆವು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮಹಾದೇವಿ ಮಾತ್ರ ತುಟಿ ಕಚ್ಚಿ ಛಾವಣಿ ನೋಡಿದರು. ನನಗೆ ನನ್ನ ಅತ್ತೆಯ ಪಡಸಾಲೆಯಲ್ಲೇ ಕೂತ ಹಾಗಾಯಿತು. ಇಷ್ಟು ಒಳ್ಳೆಯ ಜನ, ಆದರೂ ಬೇಡ ಎಂದು ಹೇಳಬೇಕಾಗುತ್ತದಲ್ಲ ಎಂದು ಸಂಕಟವಾಯಿತು.

ಗ್ಯಾಲರಿ

"ಹಿತ್ತಲ ಎಲ್ಲದ?" ಎಂದು ಅಣ್ಣ ಕೇಳಿಯೇಬಿಟ್ಟ. ಶರಣಪ್ಪ ನಾಚುತ್ತ ಗ್ಯಾಲರಿಗೆ ಕರೆದೊಯ್ದರು.

ಅಲ್ಲಿ ಸಾಲಾಗಿ ಹನ್ನೊಂದು ಕುಂಡ. ಕರಿಬೇವು, ಮೆಂತ್ಯ, ಮಲ್ಲಿಗೆ, ತುದಿಯ ಕುಂಡದಲ್ಲಿ ನಮ್ಮ ಕಡೆಯ ಹುಳಿಸೊಪ್ಪು, ಪುಂಡಿಪಲ್ಯ. ಮನೆಯ ಏಸಿಗಳಿಂದ ತೊಟ್ಟಿಕ್ಕುವ ನೀರೆಲ್ಲ ಎತ್ತರದ ಒಂದು ಬಕೆಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಸಣ್ಣ ಕರಿ ಪೈಪು ಹೊರಟು ಪ್ರತಿ ಕುಂಡಕ್ಕೂ ಒಂದು ಕವಲೊಡೆದಿತ್ತು. ಪ್ರತಿ ಕವಲಿಗೂ ತಿರುವುವ ಪುಟ್ಟ ಗುಂಡಿ. ಮಾಡಿದವನು ಬಸವರಾಜ. ಮರಳ ನಾಡಿನ ಗಾಳಿಯಿಂದ ಹಿಂಡಿದ ನೀರು!

ಅಣ್ಣ ಕುಕ್ಕರುಗಾಲಲ್ಲಿ ಕೂತ. ಅವನ ಇಡೀ ನೌಕರಿಯ ನೋವು ಏನೆಂದು ನನಗೆ ಗೊತ್ತು. ಎಷ್ಟು ಗೇಟು ತಿರುವಿದರೂ ಕಾಲುವೆಯ ತುದಿಯ ಹೊಲಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ. ಮೇಲಿನವರೇ ಹೀರಿಕೊಂಡರು, ತುದಿಯವರು ಇವನನ್ನು ಬೈದರು. ಈಗ ಅವನು ಮೊದಲ ಕುಂಡದ ಹನಿ ಎಣಿಸಿದ, ತುದಿಯ ಕುಂಡದ ಹನಿ ಎಣಿಸಿದ. ತುಟಿ ಅಲುಗುತ್ತಿತ್ತು. ಮತ್ತೊಮ್ಮೆ ಎಣಿಸಿದ. "ತಂಗಿ," ಎಂದ, "ತುದಿಗೂ ಅಷ್ಟ ನೀರು ಮುಟ್ಟಾಕತ್ತದ!"

ಆ ಊರಲ್ಲಿ ಬಂದವರ ಕೈಗೆ ಖರ್ಜೂರ ಕೊಡುವುದು ಉಸಿರಾಡಿದಷ್ಟೇ ರೂಢಿ. ಶರಣಪ್ಪನವರೂ ಮೈಮರೆತು ಬಟ್ಟಲು ಮುಂದೆ ಹಿಡಿದರು. ಅಣ್ಣನೂ ಮೈಮರೆತು, ಪೈಪಿನಿಂದ ಕಣ್ಣು ಕೀಳದೆ, ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡ.

"ಸಿಹಿ ತಿಂದ್ರು!" ಮಹಾದೇವಿ ಚೀರಿದರು. ಓಡಿ ಹೋಗಿ ಮಗ್ಗುಲ ಮನೆಯ ಗೋಡೆಯನ್ನು ದಬದಬ ಬಡಿದರು. "ಸಾಯಮ್ಮಾ, ಸಿಹಿ ತಿಂದ್ರು ಬಾರ!"

ಅಣ್ಣ ಎದ್ದು ನಿಂತ. ಉಗುಳಿದರೆ ಮನೆಯವರಿಗೆ ಅವಮಾನ, ನುಂಗಿದರೆ ಹೆಣ್ಣು ಕೊಟ್ಟಂತೆ. ಖರ್ಜೂರವನ್ನು ಗಲ್ಲಕ್ಕೆ ಒತ್ತಿ ಹಿಡಿದುಕೊಂಡ. ಒಂದು ಗಲ್ಲ ನಿಂಬೆಹಣ್ಣಿನಷ್ಟು ಉಬ್ಬಿತು. ಕಣ್ಣು ಮಾತ್ರ ನನ್ನ ಮೇಲಿತ್ತು.

"ಹಣ್ಣು ಇದು," ಎಂದು ಆ ಗಲ್ಲದಲ್ಲೇ ಹೇಗೋ ಹೇಳಿದ. "ಹಣ್ಣು ಸಿಹಿ ಅಲ್ಲ."

ಓಡಿ ಬಂದಿದ್ದ ಸಾಯಮ್ಮ ಸೊಂಟಕ್ಕೆ ಕೈಯಿಟ್ಟಳು. "ನಾಲಿಗಿ ಏನಂತದ್ರಿ ಅಣ್ಣಾರ? ಖಾರ ಅಂತದೇನು?"

ಇನ್ನು ಮುಚ್ಚಿಡುವುದು ಬೇಡ ಎನಿಸಿತು. ಮಹಾದೇವಿಯವರ ಕೈ ಹಿಡಿದೆ. "ನಿಮ್ಮ ಮಗ ಚಿನ್ನದಂಥಾವರಿ. ಆದ್ರ ನನ್ನ ಮಗಳು ಒಂದೇ ಮಾತು ಕೇಳ್ಯಾಳ. ಅವರ ಅವ್ವ ನಗ್ತಾರೇನು ಅಂತ. ನಾ ಬಂದಾಗಿಂದ ನೋಡಾಕತ್ತೀನಿ, ನೀವು ನಕ್ಕಿಲ್ಲ."

ಸಾಯಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವ! ನಗಬ್ಯಾಡ ಅಂತ ಇಕಿಗಿ ಮಗ ಹೇಳ್ಯಾನ್ರಿ!"

ಮಹಾದೇವಿ ನೆಲ ನೋಡುತ್ತ ಹೇಳಿದರು. "ಬಂದ ಹೊಸತಾಗ ಅತ್ತೀನ್ರಿ ಅಕ್ಕೋರ, ಸುಳ್ಳು ಹೇಳಾಂಗಿಲ್ಲ. ಮಾತಾಡಾಕ ಮಂದಿ ಇರಲಿಲ್ಲ. ಒಂದಿನ ರೊಟ್ಟಿ ಬಡ್ಯಾಕತ್ತಿದ್ದೆ. ಗ್ವಾಡಿ ಒಡ್ಯಾಕತ್ತಾರ ಅಂತ ಈ ಸಾಯಮ್ಮ ಜಗಳಕ್ಕ ಬಂದ್ಲು. ರೊಟ್ಟಿ ಕಂಡಾಕಿ ಕುಂತು ನಾಕು ತಿಂದ್ಲು, ಬೈಯಾದು ಮರತ್ಲು. ಅವತ್ತು ನಗಾಕ ಹತ್ತಿದಾಕಿ ನಾ ನಿಂತೇ ಇಲ್ರಿ. ನನ್ನ ನಗು ಭಾಳ ಜೋರು. ಒಮ್ಮಿ ವಾಚಮನ್ ಲಿಫ್ಟಿನ್ಯಾಗ ಓಡಿ ಬಂದಿದ್ದ. ಅದಕ್ಕ ಮಗ ಅಂದ, ಅಕ್ಕೋರ ಮನಿಯವರು ಗಂಭೀರ ಮಂದಿ, ನಾಕು ದಿನ ಬಾಯಿ ಮುಚ್ಕೊಂಡಿರವ್ವಾ ಅಂತ. ನಿಮ್ಮಣ್ಣಾರು ನೀರು ಕುಡದದ್ದು ಹೇಳಿದಾಗ ನಾ ಒಳಗ ಹೋಗಿ ದಿಂಬು ಕಚ್ಚಿದೀನ್ರಿ."

ಅಷ್ಟರಲ್ಲಿ ಅಣ್ಣ ಉಬ್ಬಿದ ಗಲ್ಲದಿಂದಲೇ, ಅತಿ ಗಂಭೀರವಾಗಿ, "ಲಗೂನ ಏನರ ಹೇಳು ತಂಗಿ, ಇದು ಕರಗಾಕತ್ತದ," ಎಂದ.

ಮಹಾದೇವಿ ಅವನ ಮುಖ ನೋಡಿದರು. ಅಷ್ಟೇ. ಗೇಟು ಎತ್ತಿದಾಗ ಕಾಲುವೆಗೆ ನೀರು ನುಗ್ಗುತ್ತದಲ್ಲ, ಹಾಗೆ ಬಂತು ಆ ನಗು. ಸೆರಗು ಜಾರಿತು, ಕಣ್ಣಲ್ಲಿ ನೀರು ಬಂತು, ಕುಂಡ ಹಿಡಿದುಕೊಂಡು ಕೂತೇಬಿಟ್ಟರು. ಮೇಲಿನ ಅಂತಸ್ತಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನಾನು ಎಷ್ಟು ನಕ್ಕೆನೋ ನನಗೇ ತಿಳಿಯದು, ಪಕ್ಕೆ ಹಿಡಿದುಕೊಂಡವು. ಉಸಿರು ಸಿಕ್ಕಾಗ ಅಣ್ಣನಿಗೆ ಹೇಳಿದೆ.

"ನುಂಗಣ್ಣಾ."

ಅಣ್ಣ ನುಂಗಿದ. ಬೀಜವನ್ನು ಒರೆಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಎರಡು ಚಮಚ ಸಕ್ಕರೆ ಹಾಕಿದ ಚಹಾ ಕೇಳಿದ.

ನಾನು ಬೋನಾಳಕ್ಕೆ ಫೋನು ಹಚ್ಚಿ, ಮಾತಾಡದೆ, ಮಹಾದೇವಿಯವರ ಕಡೆ ಹಿಡಿದೆ. ಶಶಿ ಎತ್ತಿಕೊಂಡಳು.

"ಯವ್ವಾ, ಯಾರದು ಹಂಗ ನಗಾಕತ್ತಾರ?"

"ನಿಮ್ಮತ್ತಿ," ಎಂದೆ.

ಆ ಕಡೆಯಿಂದಲೂ ನಗು ಬಂತು, ತಡೆಯಿಲ್ಲದ, ಜೋರು ನಗು. ನನ್ನ ಮಗಳು ಹಾಗೆ ನಗುವುದನ್ನು ಕಾಲುವೆ ದಂಡೆ ಬಿಟ್ಟರೆ ಬೇರೆಲ್ಲೂ ನಾನು ಕೇಳಿರಲಿಲ್ಲ. ಹಿಂದೆ ನೀರಿನ ಸದ್ದಿರಲಿಲ್ಲ.

"ಎಲ್ಲಿ ನಿಂತು ನಗಾಕತ್ತೀಯೇ?" ಎಂದು ಕೇಳಿದೆ.

"ಪಡಸಾಲ್ಯಾಗ, ಯವ್ವಾ," ಎಂದಳು.